ನೂರು ಎಣಿಸದ ಕಣ್ಣು

“ಮಾಲಿ ಅವತ್ತು ಹಸಿರು ಬಟ್ಟೆ ಹಾಕಿರ್ಲೇ ಇಲ್ಲ ಕಣೇ ಗುಬ್ಬಿ.”

ಗುಬ್ಬಿಯ ಕೈಯ ಕತ್ತರಿ ಅರ್ಧಕ್ಕೇ ನಿಂತಿತು. ಅದರ ಬಾಯಲ್ಲಿ ಕೆಂಪು ಬಟ್ಟೆಯ ತುಣುಕೊಂದು ನೇತಾಡುತ್ತಿತ್ತು.

“ಯಾರು ಹೇಳಿದ್ರು ಅತ್ತೆ?”

“ಅವನ ಹೆಂಡ್ತಿ.”

“ಹೆಂಡ್ತಿ ಇನ್ನೇನು ಹೇಳ್ತಾಳೆ? ನಂಗೊಬ್ಬ ಗಂಡ ಇದ್ದಿದ್ರೆ ನಾನೂ ಹಾಗೇ ಹೇಳ್ತಿದ್ದೆ.”

“ನಿಂಗೊಬ್ಬ ಗಂಡ ಇದ್ದಿದ್ರೆ ಅವನೇ ಠಾಣೆಗೆ ಹೋಗಿ, ನನ್ನನ್ನ ಒಳಗೆ ಹಾಕ್ಬಿಡಿ ಸ್ವಾಮಿ ಅಂತಿದ್ದ. ಮಾತು ಮರೆಸ್ಬೇಡ. ಕೇಳಿಲ್ಲಿ.”

ದಫೇದಾರಮ್ಮ ಸ್ಟೂಲು ಎಳೆದುಕೊಂಡು ಕೂತರು. ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾದರೂ ಊರಿಗೆಲ್ಲ ಅವರು ದಫೇದಾರಮ್ಮನೇ. ಅಣ್ಣನ ಮಗಳಾದ ಗುಬ್ಬಿಗೆ ಮಾತ್ರ ಅತ್ತೆ.

ಬಟ್ಟೆಗೆ ಬಣ್ಣ ಹಾಕುವ ಈ ಕಾರ್ಖಾನೆಯ ಹಳೆಯ ಮೇಸ್ತ್ರಿ ಮೇಲಿನ ಗೋದಾಮಿನ ಬಾಗಿಲಲ್ಲಿ ಯಾರದೋ ಏಟಿಗೆ ತಲೆಯೊಡೆದು ಬಿದ್ದು, ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿ ಇಂದಿಗೆ ನಾಲ್ಕು ದಿನ. ಅಂದು ಬೆಳಿಗ್ಗೆ ಹನ್ನೊಂದರ ಆ ಹೊತ್ತಿನಲ್ಲಿ ಗೋದಾಮಿನ ಕಬ್ಬಿಣದ ಮೆಟ್ಟಿಲಿಳಿದು ಹೋದ ಹಸಿರು ಬಟ್ಟೆಯವನನ್ನು ಕಿಟಕಿಯಿಂದ ಕಂಡವಳು ಗುಬ್ಬಿ ಒಬ್ಬಳೇ. ಕಾರ್ಖಾನೆಯಲ್ಲಿ ಹಸಿರು ಬಟ್ಟೆ ತೊಡುವವನು ತೋಟ ನೋಡಿಕೊಳ್ಳುವ ಮಾಲಿ ಒಬ್ಬನೇ. ಮಧ್ಯಾಹ್ನ ಮೂರಕ್ಕೆ ಅವಳು ಹೋಗಿ ಹೇಳಿಕೆಗೆ ರುಜು ಹಾಕಿದರೆ, ಮಾಲಿ ಠಾಣೆಯಿಂದ ಸೀದಾ ಜೈಲಿಗೆ.

“ಹಿಂದಿನ ದಿನ ಸಂಜೆ ಅವಳು ಆ ಹಸಿರು ಬಟ್ಟೇನ ಬಕೀಟಲ್ಲಿ ನೆನೆಹಾಕಿದ್ಲಂತೆ,” ದಫೇದಾರಮ್ಮ ಹೇಳಿದರು. “ಅದರ ಜೊತೆ, ನೋಡದೆ, ಎರಡು ಹೊಸ ದಿಂಬಿನ ಗವಸೂ ಹಾಕ್ಬಿಟ್ಟಿದ್ದಾಳೆ. ಬೆಳಿಗ್ಗೆ ತೆಗೆದ್ರೆ ಗವಸಿನ ತುಂಬ ಹಸಿರು ಕಲೆ.”

“ಬಣ್ಣದ ಕಾರ್ಖಾನೆ ಕೊಟ್ಟ ಬಟ್ಟೇನೇ ಬಣ್ಣ ಬಿಡುತ್ತಾ?” ಗುಬ್ಬಿ ನಗಲು ನೋಡಿದಳು.

“ಎಂಟೂವರೆಗೆ ಅವಳು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿದೆ. ಪಕ್ಕದ ಮನೆ ಅಜ್ಜಿ ಒಂದು ಬೈಗುಳಾನೂ ಬಿಡದೆ ನಂಗೆ ಒಪ್ಪಿಸಿದ್ಲು, ಎರಡು ಸಲ. ಎಂಟೂವರೆಗೆ ತಂತಿ ಮೇಲೆ ಹಾಕಿದ ಆ ದಪ್ಪ ಬಟ್ಟೆ ಹನ್ನೊಂದಕ್ಕೆ ಒಣಗುತ್ತಾ? ಸೊಂಟದ ಪಟ್ಟಿ ಸಂಜೆಗೂ ಒಣಗಲ್ಲ. ಮೂವತ್ತು ವರ್ಷ ಖಾಕಿ ಒಗೆದವಳು ನಾನು. ಅವತ್ತು ಅವನು ಭಾವಮೈದುನನ ಕಂದು ಶರಟು ಹಾಕ್ಕೊಂಡು ಬಂದಿದ್ದ.”

“ಇನ್ಸ್‌ಪೆಕ್ಟರಿಗೆ ಹೇಳಿದ್ರಾ?”

“ಹೇಳ್ದೆ. ಹೆಂಡ್ತಿ ಮಾತು, ಅಜ್ಜಿ ಮಾತು, ದಿಂಬಿನ ಗವಸು, ಇವಕ್ಕಿಂತ ಕಣ್ಣಾರೆ ಕಂಡ ಸಾಕ್ಷಿ ದೊಡ್ಡದು ಅಂದ. ಅದರಲ್ಲೂ ಬಣ್ಣ ನೋಡೋದೇ ಕಸುಬಾಗಿರೋಳ ಸಾಕ್ಷಿ.”

ತೊಡಕಿದ್ದದ್ದು ಅಲ್ಲೇ. ಗಿರಾಕಿ ಕಳಿಸಿದ ಮಾದರಿಯ ಬಣ್ಣಕ್ಕೂ ಕಾರ್ಖಾನೆಯಿಂದ ಹೊರಬಂದ ಬಟ್ಟೆಯ ಬಣ್ಣಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುವುದು ಗುಬ್ಬಿಯ ಕೆಲಸ. ಮೂರು ವರ್ಷದಲ್ಲಿ ಅವಳು ಒಪ್ಪಿದ ಒಂದು ಲಾಟು ಬಟ್ಟೆಯೂ ವಾಪಸ್ಸು ಬಂದಿರಲಿಲ್ಲ. ಅಂಥವಳು ಹಸಿರು ಎಂದರೆ ಹಸಿರೇ.

ಗುಬ್ಬಿ ತುಣುಕನ್ನು ಬೆಳಕಿನ ಪೆಟ್ಟಿಗೆಯೊಳಗೆ ಮಾದರಿಯ ಪಕ್ಕಕ್ಕಿಟ್ಟಳು. ಎರಡೂ ಕಡುಗೆಂಪು. ಬಗ್ಗಿ ನೋಡಿದಳು, ಕೋನ ಬದಲಿಸಿ ನೋಡಿದಳು. ಆಮೇಲೆ ತಿರುಗಿ ಬೂದು ಗೋಡೆಗೆ ಮುಖ ಮಾಡಿ ನಿಂತಳು.

ಆ ಕೋಣೆಯ ಗೋಡೆ, ಮೇಜು, ಕಪಾಟು ಎಲ್ಲವೂ ಬೂದು. ಇನ್ನೊಂದು ಬಣ್ಣ ಕಣ್ಣಿಗೆ ಬೀಳಬಾರದೆಂದು ಮೇಸ್ತ್ರಿಯೇ ಹಾಗೆ ಬಳಿಸಿದ್ದರು. ಗಾಢ ಬಣ್ಣ ನೋಡಿದ ಮೇಲೆ ಗೋಡೆಗೆ ಮುಖ ಮಾಡಿ ನೂರು ಎಣಿಸಬೇಕು, ಆಮೇಲೆಯೇ ಮುಂದಿನ ತುಣುಕು. ಹೊಸಬರಿಗೆ ಮೊದಲ ದಿನ ಅವರು ಕಲಿಸುತ್ತಿದ್ದ ಪಾಠ ಇದು.

ದಫೇದಾರಮ್ಮನಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಮನಸ್ಸಿನಲ್ಲೇ ತಾವೂ ಎಣಿಸಿದರು. ನೂರಾಯಿತು. ಗುಬ್ಬಿಯ ತುಟಿ ಇನ್ನೂ ಆಡುತ್ತಿತ್ತು. ಇನ್ನೂರಾಯಿತು. ಮುನ್ನೂರಾದ ಮೇಲೆ ಅವಳು ಕಣ್ಣು ಹೊಸಕಿಕೊಂಡು ಈ ಕಡೆ ತಿರುಗಿದಳು.

“ನಿಂಗೆ ಲೆಕ್ಕ ಬರಲ್ವೇನೇ?”

“ಯಾಕತ್ತೆ?”

“ನೂರು ಎಣಿಸೋ ಕಡೆ ಮುನ್ನೂರು ಎಣಿಸ್ದೆ.”

ಗುಬ್ಬಿ ಪೆನ್ಸಿಲಿಗೆ ಕೈ ಹಾಕಿದಳು. ಬೆರಳು ಒಮ್ಮೆ ಪೆನ್ಸಿಲಿನ ಪಕ್ಕಕ್ಕೆ ಬಿತ್ತು, ಎರಡನೇ ಸಲ ಸಿಕ್ಕಿತು.

ದಫೇದಾರಮ್ಮ ದನಿ ತಗ್ಗಿಸಿದರು. “ಅವತ್ತು ಹನ್ನೊಂದು ಗಂಟೆಗೆ ಯಾವ ಬಣ್ಣ ನೋಡ್ತಿದ್ದೆ?”

“ಇದೇ ಕೆಂಪು. ಬೆಳಿಗ್ಗೆಯಿಂದ ಇದೇ.”

“ಕಿಟಕಿ ಹತ್ರ ಯಾಕೆ ಹೋದೆ?”

“ಗೋದಾಮಿನ ಕಡೆ ದಡಾರ್ ಅಂತ ಸದ್ದಾಯ್ತು. ಏನೋ ಬಿತ್ತು ಅಂತ ಎದ್ದೆ. ಸ್ವಲ್ಪ ಹೊತ್ತು ಯಾರೂ ಕಾಣ್ಲಿಲ್ಲ. ವಾಪಸ್ ಬಂದು ಕೂತೆ. ಮತ್ತೆ ಮೆಟ್ಟಿಲ ಸದ್ದು ಕೇಳಿಸ್ತು, ಮತ್ತೆ ಎದ್ದೆ. ಆಗ ಕಂಡದ್ದು.”

“ನೂರು ಎಣಿಸಿ ಎದ್ಯಾ?”

ಗುಬ್ಬಿ ಚೀಟಿಯ ಮೇಲೆ ಲಾಟಿನ ನಂಬರು ಬರೆಯತೊಡಗಿದಳು.

ದಫೇದಾರಮ್ಮ ಎದ್ದು ಬಂದು ಬೆಳಕಿನ ಪೆಟ್ಟಿಗೆಯ ಮುಂದೆ ಕೂತು, ಆ ಕೆಂಪನ್ನೇ ಎವೆಯಿಕ್ಕದೆ ನೋಡಿದರು. ಕಣ್ಣಲ್ಲಿ ನೀರಾಡಿತು. ಸಾಕೆನಿಸಿದಾಗ ತಟ್ಟನೆ ತಿರುಗಿ, ಬಾಗಿಲ ಹಿಂದೆ ನೇತುಹಾಕಿದ್ದ ಬಿಳಿ ಟವೆಲ್ಲಿನತ್ತ ನೋಡಿದರು.

ಟವೆಲ್ಲಿನ ಮೇಲೆ ಎಳೆ ಹಸಿರಿನ ಒಂದು ಚೌಕ ತೇಲುತ್ತಿತ್ತು.

“ಅಯ್ಯೋ ಇದರ!” ಎಂದರು. ಹತ್ತು ಎಣಿಸುವಷ್ಟರಲ್ಲಿ ಹಸಿರು ಕರಗಿ ಟವೆಲ್ಲು ಬಿಳಿಯಾಯಿತು. “ನಂಗೆ ಹತ್ತಕ್ಕೆ ಹೋಯ್ತು. ನಿಂಗೆ?”

“ಅತ್ತೆ, ನಂಗೆ ಕೆಲಸ ಇದೆ. ಮಧ್ಯಾಹ್ನದೊಳಗೆ ಈ ಲಾಟು...”

“ಗುಬ್ಬಿ, ನಿಂಗೆ?”

ಗುಬ್ಬಿ ಬಾಗಿಲ ಚಿಲಕ ಹಾಕಿ ಬಂದಳು. ಆಮೇಲೆ ನೆಲದ ಮೇಲೇ ಕೂತು, ಚಿಕ್ಕಂದಿನಲ್ಲಿ ಲೆಕ್ಕದಲ್ಲಿ ಸೊನ್ನೆ ಬಂದಾಗ ಮಾಡುತ್ತಿದ್ದ ಹಾಗೆ, ಅತ್ತೆಯ ಮಡಿಲಿಗೆ ಮುಖ ಒತ್ತಿದಳು.

“ಒಳ್ಳೆ ದಿನ ಆದ್ರೆ ಮುನ್ನೂರು. ಕೆಟ್ಟ ದಿನ ಅರ್ಧ ಗಂಟೆ.”

“ಎಷ್ಟು ದಿನದಿಂದ ಹೀಗೆ?”

“ಎರಡು ವರ್ಷ.”

ದಫೇದಾರಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು. ಒಂದೇ ಮನೆ, ಒಂದೇ ಮೇಜು, ಎರಡು ವರ್ಷ. ಊರವರ ಕಳ್ಳತನವೆಲ್ಲ ಪತ್ತೆ ಹಚ್ಚಿದ ತಮಗೆ ಮನೆಯ ಮಗುವಿನ ಕಣ್ಣೊಳಗಿನದ್ದು ಕಾಣಲಿಲ್ಲವಲ್ಲ.

“ಏನು ಕಾಣುತ್ತೆ ಹೇಳು.”

“ಎಲ್ಲಾದರ ಮೇಲೂ ಸಣ್ಣ ಸಣ್ಣ ಚುಕ್ಕಿ ಆಡ್ತಾ ಇರುತ್ತೆ. ಹಳೇ ಟೀವೀಲಿ ಚಾನೆಲ್ ಸಿಗದಿದ್ದಾಗ ಬರ್ತಿತ್ತಲ್ಲ, ಹಾಗೆ. ದೀಪದ ಸುತ್ತ ಬಳೆ. ಯಾರಾದ್ರೂ ಕೈ ಬೀಸಿದ್ರೆ ಆ ಕೈ ಹಿಂದೆ ಇನ್ನೂ ನಾಲ್ಕು ಕೈ. ನೀವು ಈಗ ಈ ಕಡೆಯಿಂದ ಆ ಕಡೆ ನಡೆದ್ರೆ ನಂಗೆ ನಾಲ್ಕು ಅತ್ತೆ.”

“ಒಬ್ಬಳನ್ನ ತಡ್ಕೊಳ್ಳೋದೇ ಕಷ್ಟ ನಿಂಗೆ.”

ಗುಬ್ಬಿ ಮಡಿಲಲ್ಲೇ ನಕ್ಕಳು. ಸೀರೆ ಒದ್ದೆಯಾಯಿತು.

“ಅವೆಲ್ಲ ನಿಜ ಅಲ್ಲ ಅಂತ ನಂಗೆ ಗೊತ್ತಿರುತ್ತೆ ಅತ್ತೆ. ಹುಚ್ಚು ಅಲ್ಲ. ಡಾಕ್ಟರಿಗೆ ತೋರಿಸ್ದೆ. ಕಣ್ಣು ಚೆನ್ನಾಗೇ ಇದೆ, ಕಣ್ಣು ಕಳಿಸಿದ್ದನ್ನ ಮೆದುಳು ಸರಿಯಾಗಿ ಅಳಿಸ್ತಿಲ್ಲ ಅಂದ್ರು. ಕೆಲವರಿಗೆ ತಾನಾಗೇ ಕಡಿಮೆ ಆಗುತ್ತಂತೆ, ಕೆಲವರಿಗೆ ಹಾಗೇ ಉಳಿಯುತ್ತಂತೆ. ಖಂಡಿತ ವಾಸಿ ಮಾಡ್ತೀನಿ ಅನ್ನೋ ಔಷಧಿ ಇಲ್ಲ ಅಂದ್ರು. ನಿದ್ದೆ ಮಾಡು, ಚಿಂತೆ ಬಿಡು, ಮತ್ತೆ...”

“ಮತ್ತೆ?”

“ಮತ್ತೆ ಏನನ್ನೂ ಮುಟ್ಟಬೇಡ ಅಂದ್ರು.”

ದಫೇದಾರಮ್ಮ ಕಾದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಕಲಿತ ದೊಡ್ಡ ವಿದ್ಯೆ ಅದೇ.

“ಗೆಳತೀರ ಜೊತೆ ಸಮುದ್ರದ ಕಡೆ ಹೋಗಿದ್ದೆನಲ್ಲ. ಅಲ್ಲಿ ಯಾರೋ ನಾಲಿಗೆ ಮೇಲೆ ಇಟ್ಕೊಳ್ಳೋ ನಶೆ ಕಾಗದದ ಚೂರು ಕೊಟ್ರು. ಎರಡು ದಿನ, ಎರಡು ಚೂರು. ಗೋಡೆಯೆಲ್ಲ ಉಸಿರಾಡೋ ಹಾಗೆ ಕಂಡಿತ್ತು. ಎಲ್ಲರಿಗೂ ಮಾರನೇ ದಿನ ಸರಿಹೋಯ್ತು. ನಂಗೆ ಹೋಗ್ಲೇ ಇಲ್ಲ.” ಅವಳು ಮೂಗೊರೆಸಿಕೊಂಡಳು. “ಆಮೇಲೆ ಭಯಕ್ಕೆ ಗಾಂಜಾ ಸೇದ್ದೆ, ಮನಸ್ಸು ಶಾಂತ ಆಗುತ್ತೆ ಅಂತ. ಚುಕ್ಕಿ ಎರಡರಷ್ಟಾಯ್ತು. ಹೆದರಿ ಬಿಟ್ಬಿಟ್ಟೆ. ಹನ್ನೊಂದು ತಿಂಗಳು ಮುಟ್ಟಿರ್ಲಿಲ್ಲ. ಕಡಿಮೆ ಆಗ್ತಾ ಬಂದಿತ್ತು ಅತ್ತೆ, ನಿಜವಾಗ್ಲೂ. ನೂರೈವತ್ತಕ್ಕೆ ಇಳಿದಿತ್ತು.”

“ಮತ್ತೆ ಯಾವಾಗ ಸೇದ್ದೆ?”

“ಮೇಸ್ತ್ರಿ ಬಿದ್ದ ಹಿಂದಿನ ಸಂಜೆ. ಗೆಳತಿ ಮನೇಲಿ. ಎರಡೇ ದಮ್ಮು. ಬೆಳಿಗ್ಗೆ ಎದ್ರೆ ಬಚ್ಚಲ ನಲ್ಲೀಲಿ ಹನಿ ಬೀಳೋದು ಕಾಣ್ಲಿಲ್ಲ, ಬಿಳಿ ದಾರ ಇಳಿಬಿಟ್ಟ ಹಾಗೆ ಕಾಣ್ತು. ರಜಾ ಹಾಕ್ಬೇಕಿತ್ತು. ಕೆಂಪು ಲಾಟು ಅರ್ಜೆಂಟು ಅಂತ ಬಂದೆ.”

“ಅದಕ್ಕೇ ಬಾಯಿ ಬಿಡ್ಲಿಲ್ಲ.”

“ಬಿಟ್ರೆ ಈ ಕೋಣೇಲಿ ಯಾರು ಇಟ್ಕೊಳ್ತಾರೆ ನನ್ನ? ಬೇರೆ ಯಾವ ಕೆಲಸ ಬರುತ್ತೆ ನಂಗೆ? ಮುನ್ನೂರು ಎಣಿಸಿಯಾದ್ರೂ ಸರಿಯಾಗೇ ಮಾಡ್ತಿದ್ದೀನಿ. ಮೇಸ್ತ್ರಿಗೆ ಒಂದ್ಸಲ ಅನುಮಾನ ಬಂದಿತ್ತು. ನಿಧಾನಕ್ಕೆ ಮಾತಾಡೋಣ ಮಗಳೇ ಅಂದಿದ್ರು. ಅಷ್ಟರಲ್ಲಿ ಹೀಗಾಯ್ತು.”

ಹೊರಗೆ ಬಟ್ಟೆಯ ಗಾಡಿಯೊಂದು ಗಡಗಡ ಹಾದುಹೋಯಿತು.

“ಹಾಗಾದ್ರೆ ಮೆಟ್ಟಿಲಿಳಿದವನು ಹಾಕಿದ್ದು ಹಸಿರಲ್ಲ,” ಎಂದರು ದಫೇದಾರಮ್ಮ. “ಕಪ್ಪು ಕಬ್ಬಿಣದ ಮೆಟ್ಟಿಲು, ಹಿಂದೆ ಮಸಿ ಹಿಡಿದ ಗೋಡೆ. ಅಲ್ಲಿ ಬಿಳಿಯಾಗಿ ಇದ್ದದ್ದು ಅವನ ಬಟ್ಟೆ ಒಂದೇ. ಅದಕ್ಕೆ ನಿನ್ನ ಕಣ್ಣಿನ ಹಸಿರು ಮೆತ್ಕೊಂಡಿದೆ. ಇಲ್ಲಿ ಬಿಳಿ ಕೋಟು ಹಾಕೋರು ಯಾರು?”

“ಲ್ಯಾಬಿನೋರು. ಐದು ಜನ.” ಗುಬ್ಬಿ ಬೆರಳು ಮಡಚಿದಳು. “ಅಪ್ಪನ್ನ ಬಿಟ್ರೆ ನಾಲ್ಕು.”

“ಹ್ಞೂ, ನಾಲ್ಕು. ಅದರಲ್ಲಿ ಆ ಕಿರಿಯ ಕೆಮಿಸ್ಟು ಹೋದ ವಾರ ಮೇಸ್ತ್ರಿ ಜೊತೆ ಬಣ್ಣದ ಪಾಕದ ವಿಷಯಕ್ಕೆ ಜಗಳ ಆಡಿದ್ದ ಅಂತ ನಿಮ್ಮಪ್ಪನೇ ಹೇಳಿದ್ನಲ್ಲ.”

ಗುಬ್ಬಿ ಎದ್ದು ಟವೆಲ್ಲಿನಿಂದ ಮುಖ ಒರೆಸಿಕೊಂಡಳು.

“ಮಾಲಿ ಹೆಂಡ್ತಿ ಈಗೆಲ್ಲಿದ್ದಾಳೆ ಅತ್ತೆ?”

“ಠಾಣೆ ಎದುರಿನ ಬೆಂಚಲ್ಲಿ. ನಾಲ್ಕು ದಿನದಿಂದ ಅಲ್ಲೇ. ಬುತ್ತಿ ಕೊಡೋಕೆ ಅಂತ ಹೋಗ್ತಾಳೆ, ಏಳೋದೇ ಇಲ್ಲ.”

“ನಾನು ಹೇಳ್ಬಿಡ್ತೀನಿ. ಕಾಗದದ ಚೂರು, ಗಾಂಜಾ, ಎಲ್ಲಾ.”

“ಯೋಚನೆ ಮಾಡಿ ಹೇಳು. ಒಂದ್ಸಲ ಬರೆಸಿದ್ರೆ ಅಳಿಸೋಕಾಗಲ್ಲ. ಕೆಲಸ ಹೋಗ್ಬಹುದು.”

“ನೀವಾಗಿದ್ರೆ?”

ದಫೇದಾರಮ್ಮ ಅವಳ ಕೆನ್ನೆಗೆ ಅಂಟಿದ್ದ ಕೂದಲನ್ನು ಕಿವಿಯ ಹಿಂದೆ ಸೇರಿಸಿದರು. “ನಾನಾಗಿದ್ರೆ ಅಂತ ಕೇಳ್ಬೇಡ. ನೀನು ನನಗಿಂತ ಒಳ್ಳೆಯವಳು.”

*

ಠಾಣೆಗೆ ಕರೆದೊಯ್ದವನು ಗುಬ್ಬಿಯ ಅಪ್ಪ, ದಫೇದಾರಮ್ಮನ ಅಣ್ಣ. ಲ್ಯಾಬಿನ ಹಿರಿಯ ಕೆಮಿಸ್ಟ್ ಆತ. ಹೆಂಡತಿ ತೀರಿಕೊಂಡ ಮೇಲೆ ಮಗಳ ಜಡೆ ಹೆಣೆಯುವುದನ್ನು ತಂಗಿಯಿಂದ ಹೇಳಿಸಿಕೊಂಡು ಕಲಿತವನು. ದಾರಿಯಲ್ಲಿ ಆಡಿದ್ದು ಎರಡೇ ಮಾತು.

“ಊಟ ಆಯ್ತಾ?”

“ಆಯ್ತಪ್ಪ.”

“ಹೆದರ್ಬೇಡ. ನೀನು ಏನು ಹೇಳಿದ್ರೂ ನಾನಿದ್ದೀನಿ.”

ಅವನು ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಬೆಂಚಿನ ಮೇಲೆ ಮಾಲಿಯ ಹೆಂಡತಿ ಬುತ್ತಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗುಬ್ಬಿ ಅವಳ ಮುಂದೆ ಹಾಯುವಾಗ ತಲೆ ತಗ್ಗಿಸಿದಳು, ಎರಡು ಹೆಜ್ಜೆ ಹೋದವಳು ಹಿಂದಕ್ಕೆ ಬಂದು ಅವಳ ಭುಜ ಮುಟ್ಟಿ ಒಳಗೆ ನಡೆದಳು.

ಇನ್ಸ್‌ಪೆಕ್ಟರ್ ಎದ್ದು ನಿಂತ. “ಬನ್ನಿ ದಫೇದಾರಮ್ಮ. ಮಹಜರು ಬರೆಯೋಕೆ ಕಲಿಸಿದವರು ನೀವು. ನಿಮ್ಮ ಮುಂದೆ ಕೂರೋಕೆ ಇವತ್ತಿಗೂ ಭಯ.”

“ಆಗಲೂ ಕಾಗುಣಿತ ತಪ್ತಿತ್ತು ನಿಂದು. ಕೂತ್ಕೋ. ಇವಳು ಹೇಳೋದನ್ನ ನಡುವೆ ಬಾಯಿ ಹಾಕದೆ ಕೇಳು.”

ಗುಬ್ಬಿ ಹೇಳಿದಳು. ಮೊದಮೊದಲು ತಡವರಿಸಿದಳು. ಕಾಗದದ ಚೂರಿನ ಮಾತು ಬಂದಾಗ ದನಿ ನಿಂತೇಹೋಯಿತು. ದಫೇದಾರಮ್ಮ ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡರು. ಆಮೇಲೆ ಅವಳು ಎಲ್ಲೂ ನಿಲ್ಲಲಿಲ್ಲ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ.

“ನೋಡಮ್ಮ, ಹಿಂದೆಂದೋ ಸೇದಿದ್ದಕ್ಕೆ ನಾನೀಗ ನಿನ್ನ ಬೆನ್ನು ಹತ್ತಲ್ಲ. ಆದ್ರೆ ನಿನ್ನ ಕಣ್ಣನ್ನ ನಂಬೋ ಹಾಗಿಲ್ಲ ಅಂದ್ಮೇಲೆ ನಂಗೆ ಉಳಿದಿದ್ದೇನು? ಮಾಲಿನ ಬಿಡ್ತೀನಿ, ಸರಿ. ಕೈಗೆ ಇನ್ಯಾರು ಸಿಕ್ಕಿದ್ರು? ಸೊನ್ನೆ.”

“ಬಣ್ಣ ನಂಬಬೇಡಿ ಸರ್,” ಗುಬ್ಬಿ ಅಂದಳು. “ಆಕಾರ ನಂಬಬಹುದು. ಅದು ತಪ್ಪಾಗಲ್ಲ, ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇರುತ್ತೆ ಅಷ್ಟೆ. ಅವರು ಮೆಟ್ಟಿಲಿಳಿದು ಮರೆಯಾದ ಮೇಲೂ ಅವರ ಆಕಾರ ಮೆಟ್ಟಿಲ ಮೇಲೆ ಒಂದರ ಹಿಂದೆ ಒಂದು ನಿಂತಿತ್ತು. ಹಸಿರು ಕಂಡಿದ್ದೇ ಮಾಲಿ ಅಂದ್ಕೊಂಡ್ಬಿಟ್ಟೆ, ಅದಕ್ಕೇ ಆಮೇಲೆ ನೆನಪು ಮಾಡ್ಕೊಳ್ಳೋಕೇ ಹೋಗಿಲ್ಲ. ಒಂದು ಹಾಳೆ ಕೊಡಿ.”

ಹಾಳೆ ಬಂತು, ಪೆನ್ಸಿಲು ಬಂತು. ಅವಳು ಕಣ್ಣು ಮುಚ್ಚಿ ಒಂದು ಕ್ಷಣ ಕೂತು, ಆಮೇಲೆ ಗೆರೆ ಎಳೆಯತೊಡಗಿದಳು. ಮೊದಲು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಒಬ್ಬ ಮನುಷ್ಯ, ಬೆನ್ನು ಅರ್ಧ ಈ ಕಡೆಗೆ. ಅದರ ಕೆಳಗೆ ಅದೇ ಮನುಷ್ಯ. ಬಲಗೈ ಕಂಬಿಯ ಮೇಲೆ, ಎಡಗೈ ಸೊಂಟದ ಮೇಲೆ. ಪಾದ ಅಡ್ಡಡ್ಡ. ಒಂದು ಕಾಲು ಇಳಿಸಿ, ಎರಡನೆಯದನ್ನು ಅದೇ ಮೆಟ್ಟಿಲಿಗೆ ತಂದು ಜೋಡಿಸಿ, ಆಮೇಲೆ ಮುಂದಿನ ಮೆಟ್ಟಿಲು.

ಮೂರನೆಯ ಆಕಾರ ಮುಗಿಯುವ ಮೊದಲೇ ದಫೇದಾರಮ್ಮನಿಗೆ ಗುರುತು ಸಿಕ್ಕಿತು.

ಸೊಂಟ ಉಳುಕಿಸಿಕೊಂಡ ಮೇಲೆ ಹಾಗೆ ಇಳಿಯುವವರಲ್ಲಿ ಅವರಿಗೆ ಗೊತ್ತಿದ್ದವನು ಒಬ್ಬನೇ. ಹದಿಮೂರು ವರ್ಷದಿಂದ ದಿನಾ ಬೆಳಿಗ್ಗೆ ಮನೆಯ ಮಹಡಿಯಿಂದ ಹಾಗೆಯೇ ಇಳಿದು ಬಂದು, ಕಾಫಿ ಎಲ್ಲಿ ತಂಗಿ ಅನ್ನುವವನು.

ಗುಬ್ಬಿಯ ಪೆನ್ಸಿಲು ನಾಲ್ಕನೆಯ ಆಕಾರದ ಭುಜದ ಹತ್ತಿರ ನಿಂತಿತು. ಅವಳು ತನ್ನ ಕೈಯನ್ನೇ ಬೇರೆ ಯಾರದೋ ಕೈ ಎಂಬಂತೆ ನೋಡಿದಳು. ಆಮೇಲೆ ಅತ್ತೆಯ ಮುಖ ನೋಡಿದಳು.

“ಯಾರಂತ ಗೊತ್ತಾಯ್ತಾ?” ಇನ್ಸ್‌ಪೆಕ್ಟರ್ ಬಗ್ಗಿದ.

ಕಂಡದ್ದನ್ನು ಕಂಡ ಹಾಗೆ ಹೇಳಿ ಎಂದು ಸಾವಿರ ಜನಕ್ಕೆ ಹೇಳಿದ್ದ ದಫೇದಾರಮ್ಮನ ನಾಲಿಗೆ ಆಗ ಏಳಲಿಲ್ಲ. ಗುಬ್ಬಿ ಪೆನ್ಸಿಲು ಕೆಳಗಿಟ್ಟಳು. ಅತ್ತೆಯ ಕೈಯನ್ನು ನೋಯುವಷ್ಟು ಬಿಗಿ ಹಿಡಿದಿದ್ದಳು.

ಬಾಗಿಲು ತೆರೆಯಿತು.

“ಆಯ್ತಾ ಮಗಳೇ?” ಎನ್ನುತ್ತ ಒಳಗೆ ಬಂದವನು ಮೇಜಿನ ಹತ್ತಿರ ನಿಂತ. ಹಾಳೆ ಕಣ್ಣಿಗೆ ಬಿತ್ತು. ಅವನು ಕನ್ನಡಕ ಹಾಕಿಕೊಂಡು, ಹಾಳೆಯನ್ನು ಕೈಗೆತ್ತಿಕೊಂಡು ನೋಡಿದ.

“ಎಷ್ಟು ಚೆನ್ನಾಗಿ ಬರೆದಿದ್ದೀಯ,” ಎಂದ ಮೆಲ್ಲಗೆ. ಹಾಳೆಯನ್ನು ಮತ್ತೆ ಮಗಳ ಮುಂದಿಟ್ಟ. “ಮಾಲಿನ ಬಿಟ್ಬಿಡಿ ಸರ್. ಇದು ನಾನು.”

“ಅಪ್ಪಾ!”

“ಸರ್, ಮೇಸ್ತ್ರಿಗೆ ಹೊಡೆದವನು ನಾನಲ್ಲ. ನಾನು ಮೇಲೆ ಹೋಗೋಷ್ಟರಲ್ಲಿ ಅವರು ಬಿದ್ದಿದ್ರು. ಕೆಳಗಿಳಿದು ಆಸ್ಪತ್ರೆಗೆ ಫೋನ್ ಮಾಡಿದ್ದು ನಾನೇ.”

“ಹೆಸರು ಹೇಳದೆ ಫೋನಿಟ್ಟೋರು ನೀವಾ?” ಇನ್ಸ್‌ಪೆಕ್ಟರ್ ಮತ್ತೆ ಪೆನ್ನು ಕೈಗೆತ್ತಿಕೊಂಡ. “ಒಬ್ಬ ನಿರಪರಾಧಿ ನಾಲ್ಕು ದಿನ ಒಳಗಿದ್ದಾನೆ. ಯಾಕೆ ಸುಮ್ಮನಿದ್ರಿ?”

“ಅಣ್ಣ,” ದಫೇದಾರಮ್ಮನಿಗೆ ಕೊನೆಗೂ ದನಿ ಬಂತು, “ವಕೀಲರು ಬರೋ ತನಕ ಏನೂ ಹೇಳ್ಬೇಡ.”

ಅವನು ತಂಗಿಯ ಮಾತು ಕೇಳಿಸಿಕೊಳ್ಳಲಿಲ್ಲ. ಮಗಳ ಪಕ್ಕದಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಕಷ್ಟಪಟ್ಟು ಮೊಣಕಾಲೂರಿ ಕೂತ.

“ನೀನು ಹಸಿರು ಬಟ್ಟೆಯವನು ಅಂದಾಗ, ನೀನು ಸುಳ್ಳು ಹೇಳ್ತಿದ್ದೀಯ ಅಂದ್ಕೊಂಡೆ ಮಗಳೇ. ಅದಕ್ಕೇ ಬಾಯಿ ಮುಚ್ಕೊಂಡೆ. ಮಾಲಿ ಹೆಂಡ್ತಿ ಮುಖ ನೋಡೋಕಾಗದೆ ದಿನಾ ಹಿಂದಿನ ಗೇಟಿಂದ ಹೋಗ್ತಿದ್ದೆ. ಆದ್ರೂ ಬಾಯಿ ಬಿಡ್ಲಿಲ್ಲ.”

“ಸುಳ್ಳಾ? ನಾನ್ಯಾಕಪ್ಪ ಸುಳ್ಳು ಹೇಳ್ಲಿ?”

ಅವನು ಅವಳ ಎರಡೂ ಕೈ ಹಿಡಿದುಕೊಂಡ. ಇನ್ಸ್‌ಪೆಕ್ಟರಿನ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು.

“ಎಚ್ಚರ ತಪ್ಪೋ ಮುಂಚೆ ಮೇಸ್ತ್ರಿ ನನ್ನ ಕೋಟು ಹಿಡಿದು ಎಳೆದ್ರು. ಯಾರು ಹೊಡೆದ್ರು ಅಂತ ಕೇಳ್ದೆ. ಅವರು ಹೇಳಿದ್ದು ನಿನ್ನ ಹೆಸರು.”